ಲಿನಕ್ಸ್‌ನಲ್ಲಿ ಪೋಸ್ಟ್‌ಗ್ರೆಸ್: ಹಾಕೋದು ಸುಲಭ, ಒಳಗೆ ಹೋಗೋಕೆ ಸ್ವಲ್ಪ ತಾಳ್ಮೆ ಬೇಕು

ನನ್ನ ಉಬುಂಟು ಲ್ಯಾಪ್‌ಟಾಪ್‌ಗೆ ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್ ಹಾಕಿಕೊಂಡು ವರ್ಷದ ಮೇಲಾಯಿತು. ತುಂಬಾ ಇಷ್ಟವಾಗಿದೆ.

‘ಸುಡೋ ಆಪ್ಟ್ ಇನ್‌ಸ್ಟಾಲ್ ಪೋಸ್ಟ್‌ಗ್ರೆಸ್‌ಕ್ಯೂಎಲ್’ ಅಂತ ಒಂದು ಸಾಲು ಹೊಡೆದರೆ ಸಾಕು. ಸರ್ವರ್ ಇಳಿಯುತ್ತದೆ, ‘ಮೇನ್’ ಅನ್ನೋ ಕ್ಲಸ್ಟರ್ (ಒಂದೇ ಸರ್ವರ್ ನೋಡಿಕೊಳ್ಳೋ ಡೇಟಾಬೇಸ್‌ಗಳ ಗುಂಪು) ತಯಾರಾಗುತ್ತದೆ, ಸರ್ವಿಸ್ ತಾನಾಗಿಯೇ ಶುರುವಾಗಿ 5432ನೇ ಪೋರ್ಟ್‌ನಲ್ಲಿ ಕಾಯುತ್ತಾ ಇರುತ್ತದೆ. ಫೆಡೋರಾದಲ್ಲಿ ಕ್ಲಸ್ಟರ್ ಮಾಡೋದು, ಸರ್ವಿಸ್ ಶುರು ಮಾಡೋದು ಎರಡೂ ನಮ್ಮ ಕೈಯಿಂದಲೇ ಆಗಬೇಕು.

ಹೊಸಬರು ಸಿಕ್ಕಿಹಾಕಿಕೊಳ್ಳೋದು ಇದಾದ ಮೇಲೆ. ‘ಪಿಎಸ್‌ಕ್ಯೂಎಲ್’ ಅಂತ, ಅಂದರೆ ಡೇಟಾಬೇಸ್ ಒಳಗೆ ಹೋಗೋ ಕಮಾಂಡ್, ಟೈಪ್ ಮಾಡಿದರೆ ನಿಮ್ಮ ಹೆಸರಿನ ರೋಲ್ (ಪೋಸ್ಟ್‌ಗ್ರೆಸ್ ಒಳಗಿನ ಯೂಸರ್) ಇಲ್ಲ ಅನ್ನುತ್ತದೆ. ‘ಪೋಸ್ಟ್‌ಗ್ರೆಸ್’ ಯೂಸರ್ ಹೆಸರು ಕೊಟ್ಟರೆ ಪಾಸ್‌ವರ್ಡ್ ಕೂಡ ಕೇಳದೆ ಪೀರ್ ಅಥೆಂಟಿಕೇಶನ್ ಫೇಲ್ ಅಂತ ವಾಪಸ್ ಕಳಿಸುತ್ತದೆ. ನಾನು ಅರ್ಧ ದಿನ ಪಾಸ್‌ವರ್ಡ್ ಹುಡುಕಿದೆ. ಅಲ್ಲಿ ಪಾಸ್‌ವರ್ಡೇ ಇಲ್ಲ! ಪೀರ್ ಅಂದರೆ, ಲಿನಕ್ಸ್‌ನಲ್ಲಿ ನೀವು ಯಾವ ಹೆಸರಲ್ಲಿ ಲಾಗಿನ್ ಆಗಿದ್ದೀರೋ ಅದನ್ನು ಕರ್ನಲ್‌ನಿಂದಲೇ ಕೇಳಿ ತಿಳಿದುಕೊಂಡು, ಅದೇ ಹೆಸರಿನ ರೋಲ್‌ಗೆ ಮಾತ್ರ ಬಾಗಿಲು ತೆಗೆಯುತ್ತದೆ, ಅಷ್ಟೇ. ಅದಕ್ಕೆ ಮೊದಲ ಸಲ ‘ಸುಡೋ -ಯು ಪೋಸ್ಟ್‌ಗ್ರೆಸ್ ಪಿಎಸ್‌ಕ್ಯೂಎಲ್’ ಅಂತ ಹೋಗಬೇಕು. ಆಮೇಲೆ ನಿಮ್ಮ ಲಾಗಿನ್ ಹೆಸರಲ್ಲೇ ಒಂದು ರೋಲ್, ಒಂದು ಡೇಟಾಬೇಸ್ ಮಾಡಿಕೊಂಡರೆ ಮುಂದೆ ಸುಮ್ನೆ ‘ಪಿಎಸ್‌ಕ್ಯೂಎಲ್’ ಅಂದರೆ ಸಾಕು. ಪ್ರಾಂಪ್ಟ್‌ನ ಕೊನೆ ನೋಡಿ: # ಇದ್ದರೆ ಸೂಪರ್‌ಯೂಸರ್, > ಇದ್ದರೆ ಸಾಮಾನ್ಯ ಯೂಸರ್. ದಿನದ ಕೆಲಸಕ್ಕೆ ಎರಡನೆಯದೇ ಇರಲಿ.

ಒಂದು ಮಾತು ದಯವಿಟ್ಟು ಕೇಳಿ. ಈ ಪೀರ್ ಎರರ್‌ಗೆ ‘ಪಿಜಿ ಎಚ್‌ಬಿಎ’ ಫೈಲ್‌ನಲ್ಲಿ (ಯಾರನ್ನು ಹೇಗೆ ಒಳಗೆ ಬಿಡಬೇಕು ಅಂತ ಬರೆದಿರೋ ಫೈಲ್) ‘ಟ್ರಸ್ಟ್’ ಅಂತ ಬದಲಾಯಿಸಿ ಅನ್ನೋ ಸಲಹೆ ಎಲ್ಲ ಕಡೆ ಸಿಗುತ್ತದೆ. ಮಾಡಬೇಡಿ. ಆಮೇಲೆ ಆ ಕಂಪ್ಯೂಟರ್‌ನಲ್ಲಿ ಯಾರು ಬೇಕಾದರೂ ಪಾಸ್‌ವರ್ಡ್ ಇಲ್ಲದೆ ಸೂಪರ್‌ಯೂಸರ್ ಆಗಬಹುದು, ಅಲ್ವಾ?

ಹಳೇ ಟ್ಯುಟೋರಿಯಲ್ ನೋಡಿ ಮಾಡೋರಿಗೆ ಇನ್ನೊಂದು ತೊಡಕು ಇದೆ. 15ನೇ ಆವೃತ್ತಿಯಿಂದ ಸಾಮಾನ್ಯ ಯೂಸರ್‌ಗೆ ‘ಪಬ್ಲಿಕ್’ ಸ್ಕೀಮಾದಲ್ಲಿ (ಡೇಟಾಬೇಸ್ ಒಳಗೆ ಟೇಬಲ್‌ಗಳನ್ನು ಇಡೋ ಜಾಗ) ಟೇಬಲ್ ಮಾಡೋ ಅನುಮತಿ ತಾನಾಗಿ ಸಿಗೋದಿಲ್ಲ. ಡೇಟಾಬೇಸ್ ಮಾಡುವಾಗಲೇ ಆ ಯೂಸರನ್ನೇ ಓನರ್ ಮಾಡಿಬಿಡಿ, ಮುಗೀತು.

ಒಂದೇ ಒಂದು ಕೊರತೆ ಅಂದರೆ ಶೇರ್ಡ್ ಬಫರ್ಸ್‌ಗೆ, ಅಂದರೆ ಡೇಟಾವನ್ನು ರ‍್ಯಾಮ್‌ನಲ್ಲಿ ಇಟ್ಟುಕೊಳ್ಳೋ ಜಾಗಕ್ಕೆ, ಮೊದಲೇ ಇಟ್ಟಿರೋ 128 ಎಂಬಿ. ರ‍್ಯಾಮ್ ಜಾಸ್ತಿ ಇರೋ ಸರ್ವರ್‌ಗೆ ಇದು ತುಂಬಾ ಕಡಿಮೆ. ಏರಿಸಿದ ಮೇಲೆ ರೀಲೋಡ್ ಸಾಲದು, ರೀಸ್ಟಾರ್ಟ್ ಮಾಡಬೇಕು.

ಉಬುಂಟುವಿನಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು, ಆವೃತ್ತಿಗೊಂದು ಫೋಲ್ಡರ್ ಇಡೋ ಕ್ರಮ. ಹೊಸ ಆವೃತ್ತಿ ಹಾಕಿದರೆ ಹಳೆಯದನ್ನು ಮುಟ್ಟದೆ ಪಕ್ಕದ 5433ನೇ ಪೋರ್ಟ್‌ನಲ್ಲಿ ಏಳುತ್ತದೆ. ಎರಡನ್ನೂ ಓಡಿಸಿ, ಡೇಟಾ ಸರಿಯಾಗಿ ಬಂದಿದೆಯಾ ಅಂತ ನೋಡಿಕೊಂಡೇ ಹಳೆಯದನ್ನು ತೆಗೆದೆ.