ಫ್ಲೂಯಿಡ್ ಫಿಲ್ಮ್: ನಾತ ಇದೆ, ಆದ್ರೆ ತುಕ್ಕಿಗೆ ಕೆಲ್ಸ ಮಾಡತ್ತೆ

ಟೊರೊಂಟೊ ಕಡೆ ಹೊಸದಾಗಿ ಬಂದವ್ರು ಕಾರ್ ತಗೊಂಡ ಮೇಲೆ ಕೇಳ್ತಾನೇ ಇರ್ತಾರೆ, ರಸ್ಟ್‌ಪ್ರೂಫಿಂಗ್ (ತುಕ್ಕು ಹಿಡೀದ ಹಾಗೆ ಲೇಪ ಹೊಡ್ಸೋದು) ಬೇಕಾ ಬೇಡ್ವಾ ಅಂತ. ಬೇಕು. ಚಳಿಗಾಲದಲ್ಲಿ ರೋಡಿನ ಐಸ್ ಕರಗಿಸೋಕೆ ಇಲ್ಲಿ ಉಪ್ಪು ಸುರೀತಾರೆ, ಅದು ಕಾರಿನ ಕಬ್ಬಿಣ ತಿನ್ನತ್ತೆ. ಆದ್ರೆ ಬೆಂಗ್ಳೂರಲ್ಲಿ ಶೋರೂಮ್‌ನವ್ರು ಹೊಸ ಕಾರಿನ ಜೊತೆ ಆಂಟಿ ರಸ್ಟ್ ಅಂತ ತಲೆಗೆ ಕಟ್ತಾರಲ್ಲ, ಒಣಗಿ ಗಟ್ಟಿಯಾಗೋ ಆ ಕಪ್ಪು ಕೋಟಿಂಗು, ಅದಲ್ಲ. ಅದು ಎಲ್ಲೋ ಒಂದು ಕಡೆ ಬಿರುಕು ಬಿಟ್ರೆ ಉಪ್ಪುನೀರು ಒಳಗೆ ಹೋಗಿ ಕೂತ್ಕೊಳತ್ತೆ, ಮೇಲಿಂದ ನೋಡಿದ್ರೆ ಕಪ್ಪಗೆ ಮಿರಮಿರ, ಒಳಗೆ ಕಬ್ಬಿಣ ಪದರ ಪದರವಾಗಿ ಉದುರ್ತಿರತ್ತೆ. ಇಲ್ಲಿಗೆ ಬೇಕಾಗಿರೋದು ಒಣಗದೇ ಇರೋ ಎಣ್ಣೆ.

ನಾನು ಹೊಡೀತಿರೋದು ಫ್ಲೂಯಿಡ್ ಫಿಲ್ಮ್ ಅನ್ನೋ ಸ್ಪ್ರೇ. ಇದ್ರಲ್ಲಿ ಮುಖ್ಯವಾಗಿ ಇರೋದು ಲ್ಯಾನೊಲಿನ್, ಅಂದ್ರೆ ಕುರಿ ಉಣ್ಣೆಯಿಂದ ತೆಗೆಯೋ ಜಿಡ್ಡು. ಹಡಗು ಅಲುಗಾಡ್ದೆ ಇರ್ಲಿ ಅಂತ ಸಮುದ್ರದ ನೀರು ತುಂಬೋ ಬ್ಯಾಲಸ್ಟ್ ಟ್ಯಾಂಕ್‌ಗೆ ಬಳಸ್ತಿದ್ದ ಸರಕು ಇದು, ಸಮುದ್ರದ ನೀರಿಗೇ ತಡೆಯೋದು ರೋಡ್ ಉಪ್ಪಿಗೆ ತಡೆಯಲ್ವಾ. ವಾಸನೆ ಮಾತ್ರ ಮಳೇಲಿ ನೆಂದ ಕುರಿ ಕಂಬಳಿದೇ, ಹೊಡೆದ ಮೇಲೆ ಒಂದೆರಡು ವಾರ ಗ್ಯಾರೇಜ್ ತುಂಬಾ ಅದೇ. ಮನೆಯವ್ಳು ಮೂಗು ಮುಚ್ಕೊಂಡೇ ಕಾರ್ ಹತ್ತೋದು.

ಉಪ್ಪಿನ ವಿಷ್ಯ ಸ್ವಲ್ಪ ಹೇಳ್ಬೇಕು. ಮಾಮೂಲಿ ಉಪ್ಪು ಮೈನಸ್ 10 ಡಿಗ್ರಿ ಆಸುಪಾಸಿಗೆ ಬಂದ್ರೆ ಐಸ್ ಕರಗಿಸೋದ್ರಲ್ಲಿ ಸುಸ್ತಾಗತ್ತೆ, ಅದಕ್ಕೇ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ದ್ರಾವಣಾನೂ ಬಳಸ್ತಾರೆ. ಇವೆರಡೂ ಗಾಳಿಯಲ್ಲಿರೋ ತೇವಾನ ಎಳ್ಕೊಳತ್ವೆ, ಹಾಗಾಗಿ ರೋಡ್ ಒಣಗಿದ್ರೂ ಕಾರಿನ ಹೊಟ್ಟೆ ಒಣಗಲ್ಲ. ಇನ್ನೊಂದು ತಮಾಷೆ ಅಂದ್ರೆ ಬೆಚ್ಚಗಿರೋ ಗ್ಯಾರೇಜಲ್ಲಿ ಉಪ್ಪು ಮೆತ್ಕೊಂಡಿರೋ ಕಾರಿಗೆ ತುಕ್ಕು ಜಾಸ್ತಿ ಬೇಗ ಹಿಡಿಯತ್ತೆ, ಹೊರಗೆ ಚಳೀಲಿ ನಿಂತಿರೋದಕ್ಕಿಂತ. ಟೊಯೋಟಾದಂಥ ಟೊಯೋಟಾನೇ ಟಕೋಮಾ, ಟಂಡ್ರಾ ಟ್ರಕ್‌ಗಳ ಫ್ರೇಮ್ ತುಕ್ಕು ಹಿಡಿದ ಕೇಸಲ್ಲಿ 2016ರಲ್ಲಿ ಅಮೆರಿಕಾದಲ್ಲಿ ರಾಜಿ ಮಾಡ್ಕೊಳ್ಬೇಕಾಯ್ತು.

ಹೊಡೆಯೋದು ಅಕ್ಟೋಬರಲ್ಲಿ, ಉಪ್ಪು ಬೀಳೋಕೆ ಮುಂಚೆ. ಮೊದ್ಲು ಅಡಿಭಾಗ ಚೆನ್ನಾಗಿ ತೊಳೆದು ಪೂರ್ತಿ ಒಣಗಿಸ್ಬೇಕು. ಕಾರನ್ನ ರ‍್ಯಾಂಪ್ ಮೇಲೆ ಹತ್ಸಿ, ಇಲ್ಲಾ ಜ್ಯಾಕ್ ಸ್ಟ್ಯಾಂಡ್ ಕೊಟ್ಟು ಒಳಗೆ ಹೋಗಿ. ಬರೀ ಜ್ಯಾಕ್ ನಂಬ್ಕೊಂಡು ಕಾರ್ ಕೆಳಗೆ ಮಲಗೋರಿಗೆ ನಾನೇನೂ ಹೇಳಲ್ಲ. ಹಳೇ ಬಟ್ಟೆ, ಕನ್ನಡಕ, ಗ್ಲೌಸ್, ನೆಲಕ್ಕೆ ರಟ್ಟು, ಇಷ್ಟಿರ್ಲಿ. ಕ್ಯಾನ್ ತಣ್ಣಗಿದ್ರೆ ಸರಿಯಾಗಿ ಬರಲ್ಲ, ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಇಟ್ರೆ ಸಲೀಸಾಗಿ ಹರಡತ್ತೆ.

ಎಲ್ರೂ ಕಣ್ಣಿಗೆ ಕಾಣೋ ಕಡೆ ಧಾರಾಳವಾಗಿ ಹೊಡೀತಾರೆ, ತುಕ್ಕು ಶುರುವಾಗೋದು ಕಾಣದೇ ಇರೋ ಕಡೆ. ಬಾಗಿಲ ಕೆಳಗಿನ ರಾಕರ್ ಪ್ಯಾನಲ್ ಒಳಗೆ, ಬಾಗಿಲು ಡಿಕ್ಕಿ ಇವುಗಳ ಕೆಳ ಅಂಚು ಮಡಚಿರೋ ಜಾಗ, ಹಿಂದಿನ ಸಬ್‌ಫ್ರೇಮ್ (ಚಕ್ರದ ಸಸ್ಪೆನ್ಶನ್ ಹಿಡ್ಕೊಂಡಿರೋ ಚೌಕಟ್ಟು) ಸಂದು, ಬ್ರೇಕ್ ಎಣ್ಣೆ ಹೋಗೋ ಸಣ್ಣ ಪೈಪು ಅಂದ್ರೆ ಬ್ರೇಕ್ ಲೈನು. ಇದಕ್ಕೆ ಸುತ್ತಲೂ ಚಿಮ್ಮೋ ತುದಿ ಇರೋ ಉದ್ದದ ಟ್ಯೂಬ್ ಬೇರೆ ತಗೋಬೇಕು, ಕ್ಯಾನಿನ ಜೊತೆ ಬರೋ ಗಿಡ್ಡ ಸ್ಟ್ರಾ ಅಲ್ಲಿಗೆ ಮುಟ್ಟಲ್ಲ. ಟ್ಯೂಬನ್ನ ತಳದಲ್ಲಿರೋ ಡ್ರೈನ್ ತೂತಿಂದ ಒಳಗೆ ತಳ್ಳಿ, ನಿಧಾನಕ್ಕೆ ಹಿಂದಕ್ಕೆ ಎಳೀತಾ ಒತ್ತಿದ್ರೆ ಒಳಗೋಡೆಗೆಲ್ಲಾ ಹಚ್ಕೊಳತ್ತೆ, ಸ್ವಲ್ಪ ಹೊತ್ತಿಗೆ ಅಂಚಿಂದ ಜೇನುಬಣ್ಣದ ಹನಿ ಇಳಿಯೋಕೆ ಶುರುವಾದ್ರೆ ಸಂದಿಗೆಲ್ಲಾ ಇಳ್ದಿದೆ ಅಂತ ಅರ್ಥ. ಆ ತೂತು ಮಾತ್ರ ಮುಚ್ಚಬೇಡಿ, ನೀರು ಹೊರಗೆ ಹೋಗೋ ದಾರಿ ಅದೊಂದೇ. ಬ್ರೇಕ್ ಡಿಸ್ಕ್‌ಗೆ ತಾಗ್ಲೇಬಾರ್ದು, ಬಟ್ಟೆ ಮುಚ್ಚಿ ಹೊಡೀರಿ. ಎಕ್ಸಾಸ್ಟ್ ಮೇಲೆ ಬಿದ್ರೆ ಹೊಗೆ, ನಾತ ಎರಡೂ. ಸಸ್ಪೆನ್ಶನ್ ಕೀಲಲ್ಲಿರೋ ರಬ್ಬರ್ ಬುಷ್ ಮೇಲೂ ಬೇಡ, ನ್ಯಾಚುರಲ್ ರಬ್ಬರ್ ಇದಕ್ಕೆ ಊದ್ಕೊಳತ್ತೆ.

ಕೊರತೆ ಇಲ್ವಾ ಅಂದ್ರೆ ಇದೆ. ಚಕ್ರದ ಹಿಂದುಗಡೆ ನೇರ ನೀರು ಬಡಿಯೋ ಕಡೆ ಫೆಬ್ರವರಿ ಹೊತ್ತಿಗೆ ತೊಳ್ದು ಹೋಗಿರತ್ತೆ, ಮಧ್ಯದಲ್ಲಿ ಒಂದ್ಸಲ ಟಚಪ್ ಬೇಕು. ಪ್ರತಿ ವರ್ಷ ಹೊಡೀಲೇಬೇಕು, ಒಂದು ಸಲ ಹೊಡೆದು ಮರೆಯೋ ಹಾಗಿಲ್ಲ. ಆಗ್ಲೇ ತುಕ್ಕು ತಿಂದು ತೂತಾಗಿರೋದನ್ನ ಇದು ಸರಿ ಮಾಡಲ್ಲ. ಆದ್ರೂ ತುಕ್ಕು ತಡೆಯತ್ತೆ ಅಂತ ಮಾರೋ, ಬ್ಯಾಟರಿಗೆ ಸಿಗಿಸೋ ಎಲೆಕ್ಟ್ರಾನಿಕ್ ಡಬ್ಬಿಗೆ ನೂರಾರು ಡಾಲರ್ ಸುರಿಯೋಕಿಂತ ಇದು ವಾಸಿ. ಸಣ್ಣ ಕರೆಂಟ್ ಹಾಯ್ಸಿ ತುಕ್ಕು ತಡೆಯೋ ಆ ತತ್ವ ನಡೆಯೋದು ನೀರಲ್ಲಿ ಮುಳುಗಿರೋ ಹಡಗಿಗೆ, ಮಣ್ಣಲ್ಲಿ ಹೂತಿರೋ ಪೈಪಿಗೆ, ರೋಡ್ ಮೇಲೆ ಓಡೋ ಕಾರಿಗಲ್ಲ.

ಕಾಂಡೋದಲ್ಲಿ (ಅಪಾರ್ಟ್‌ಮೆಂಟಲ್ಲಿ) ಇರೋರು, ಡ್ರೈವ್‌ವೇ ಇಲ್ಲದವ್ರು ಇದಕ್ಕೆ ಕೈ ಹಾಕ್ಬೇಡಿ, ಬೇಸ್‌ಮೆಂಟ್ ಪಾರ್ಕಿಂಗಲ್ಲಿ ಎಣ್ಣೆ ತೊಟ್ಟಿಕ್ಕಿದ್ರೆ ಮ್ಯಾನೇಜ್‌ಮೆಂಟಿಂದ ಲೆಟರ್ ಬರತ್ತೆ. ಕ್ರೌನ್ (Krown)‌ ಥರ ತುಕ್ಕು ತಡೆಯೋ ಎಣ್ಣೆ ಹೊಡೆಯೋ ಅಂಗಡೀಲಿ ಹೊಡ್ಸಿ, ಲಿಫ್ಟ್ ಮೇಲೆ ಎತ್ತಿ ಸಂದಿಗೊಂದಿಗೆಲ್ಲಾ ಹೊಡೀತಾರೆ, ಕ್ಯಾನ್, ಟ್ಯೂಬ್, ರ‍್ಯಾಂಪ್ ಎಲ್ಲಾ ಲೆಕ್ಕ ಹಾಕಿದ್ರೆ ನಾವೇ ಹೊಡ್ಕೊಂಡ್ರೂ ಮೊದಲ ವರ್ಷ ಅಂಥಾ ಉಳಿತಾಯ ಏನೂ ಆಗಲ್ಲ. ಎರಡನೇ ವರ್ಷದಿಂದ ಬರೀ ಕ್ಯಾನಿನ ಖರ್ಚು. ಈ ಸಲ ಚಕ್ರದ ಹಿಂದಿನ ಜಾಗಕ್ಕೆ ಮಾತ್ರ ವುಲ್‌ವ್ಯಾಕ್ಸ್ ತರ್ಸೋಣ ಅಂತಿದೀನಿ, ಅದೂ ಲ್ಯಾನೊಲಿನ್ನೇ, ಆದ್ರೆ ಇದಕ್ಕಿಂತ ಮಂದ.