ಆಟೊಮ್ಯಾಟಿಕ್ ಕಾರ್ ವಾಷ್: ಬಾಡಿ ಸರಿ, ಚಕ್ರ ಎಷ್ಟು ಕ್ಲೀನ್ ಆಗುತ್ತೆ?

ಕೆಲವು ವರ್ಷಗಳಿಂದ ನನ್ನ ಕಾರನ್ನು ಆಟೊಮ್ಯಾಟಿಕ್ ವಾಷ್‌ನಲ್ಲೇ ತೊಳೆಸುತ್ತಿದ್ದೇನೆ. ಬಾನೆಟ್, ರೂಫ್, ಬಾಗಿಲುಗಳ ಬಗ್ಗೆ ನನ್ನದೇನೂ ತಕರಾರಿಲ್ಲ, ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅಲಾಯ್ ವೀಲ್‌ಗೆ ಮಾತ್ರ ಎರಡೂವರೆ. ಆದರೆ ಮಷಿನ್ ಒಳಗೆ ಹೋಗುವ ಮುಂಚೆ ಚಕ್ರಗಳಿಗೆ ನಾವೇ ಸ್ವಲ್ಪ ಹೊತ್ತು ಕೊಟ್ಟರೆ ಅದೇ ಎರಡೂವರೆ ನಾಲ್ಕಾಗುತ್ತದೆ.

ಚಕ್ರಕ್ಕೆ ಹಿಡಿಯುವ ಕೊಳೆಯೇ ಬೇರೆ. ಬ್ರೇಕ್ ಒತ್ತಿದಾಗಲೆಲ್ಲ ಪ್ಯಾಡ್ ಮತ್ತು ಡಿಸ್ಕ್ ಸವೆದು ಕಬ್ಬಿಣದ ಸಣ್ಣ ಪುಡಿ ಬಿಸಿಬಿಸಿಯಾಗಿ ಹಾರುತ್ತದೆ. ಅದು ರಿಮ್‌ಗೆ ಅಂಟಿ, ತೇವ ತಾಗಿ, ತುಕ್ಕು ಹಿಡಿದು ಅಲ್ಲೇ ಕೂತುಬಿಡುತ್ತದೆ. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ಬೀಳುವುದರಿಂದ ಮುಂದಿನ ಬ್ರೇಕ್‌ಗಳಿಗೇ ಕೆಲಸ ಜಾಸ್ತಿ. ಹಾಗಾಗಿ ಮುಂದಿನ ಚಕ್ರಗಳೇ ಬೇಗ ಕಪ್ಪಾಗುತ್ತವೆ. ಎಲೆಕ್ಟ್ರಿಕ್ ಕಾರಿನವರಿಗೆ ಈ ಕಾಟ ಕಡಿಮೆ. ಅಲ್ಲಿ ವೇಗ ತಗ್ಗಿಸುವ ಕೆಲಸವನ್ನು ಹೆಚ್ಚಾಗಿ ಮೋಟಾರೇ ನೋಡಿಕೊಳ್ಳುತ್ತದೆ. ಹಳೆಯ ಬ್ರೇಕ್ ಪುಡಿಗೆ ಬರೀ ಶಾಂಪೂ ನೊರೆ ಸಾಲದು. ತಳ ಹಿಡಿದ ಪಾತ್ರೆಯನ್ನು ನೆನೆಸದೆ ಉಜ್ಜಿದ ಹಾಗಾಗುತ್ತದೆ.

ಕಾರು ನಿಂತಲ್ಲೇ ನಿಂತು ಮಷಿನ್ ಹಿಂದೆ ಮುಂದೆ ಓಡಾಡುವ ಕಡೆ, ಚಕ್ರದ ಬ್ರಷ್ ಪಕ್ಕದಿಂದ ಬಂದು ಒಂದಿಷ್ಟು ಸೆಕೆಂಡು ತಿರುಗಿ ಹಿಂದೆ ಸರಿಯುತ್ತದೆ. ಸ್ಪೋಕ್‌ಗಳ ಎದುರು ಭಾಗ ಹೊಳೆಯುತ್ತದೆ. ಹೊರಗೆ ಬಂದ ಮೇಲೆ ನಟ್ ಇರುವ ಗುಂಡಿಯೊಳಗೆ ಬೆರಳು ಹಾಕಿ ನೋಡಿ, ತುದಿ ಕಪ್ಪಗಾಗಿರುತ್ತದೆ. ಸ್ಪೋಕ್ ರಿಮ್‌ಗೆ ಸೇರುವ ಮೂಲೆಯಲ್ಲಿ ಕಂದು ಗೆರೆ ಹಾಗೇ ಇರುತ್ತದೆ. ರಿಮ್‌ನ ಒಳಮೈಗಂತೂ ಬ್ರಷ್ ಹೋಗುವುದೇ ಇಲ್ಲ. ಕಾರನ್ನೇ ಎಳೆದುಕೊಂಡು ಹೋಗುವ ಟನೆಲ್ ವಾಷ್ ನನ್ನ ಅನುಭವದಲ್ಲಿ ಸ್ವಲ್ಪ ಮೇಲು. ಶುರುವಿನಲ್ಲೇ ಚಕ್ರಕ್ಕೆ ಕ್ಲೀನರ್ ಸಿಂಪಡಿಸುವುದರಿಂದ ಬ್ರಷ್ ಬರುವಷ್ಟರಲ್ಲಿ ಕೊಳೆ ಕೊಂಚ ಸಡಿಲವಾಗಿರುತ್ತದೆ. ಕ್ಯೂ ಉದ್ದ ಇದೆ ಅಂತ ಬೆಲ್ಟ್ ಜೋರಾಗಿ ಓಡಿಸಿದರೆ ಆ ಲಾಭವೂ ಹೋಯಿತು.

ನಾನು ಈಗ ಮಾಡುವುದು ಇಷ್ಟು. ಚಕ್ರ ತಣ್ಣಗಾಗುವವರೆಗೆ ಕಾಯುತ್ತೇನೆ. ಬಿಸಿ ಇದ್ದರೆ ಕ್ಲೀನರ್ ಅಲ್ಲೇ ಒಣಗಿ ಕಲೆ ಕೂರುತ್ತದೆ. ನೆರಳಲ್ಲಿ ನಿಲ್ಲಿಸಿ ಐರನ್ ರಿಮೂವರ್ ಹೊಡೆಯುತ್ತೇನೆ. ಕಬ್ಬಿಣದ ಪುಡಿ ಕರಗುತ್ತಿದ್ದ ಹಾಗೆ ದ್ರವ ನೇರಳೆ ಬಣ್ಣಕ್ಕೆ ತಿರುಗಿ ಸ್ಪೋಕ್ ಮೇಲೆ ಇಳಿಯುತ್ತದೆ. ನೋಡುವುದಕ್ಕೇ ಒಂಥರಾ ಖುಷಿ! ವಾಸನೆ ಮಾತ್ರ ಕೊಳೆತ ಮೊಟ್ಟೆಯದ್ದು. ಅದು ಒಣಗುವ ಮುಂಚೆ ಉದ್ದ ಹಿಡಿಯ ಮೆತ್ತನೆ ಬ್ರಷ್‌ನಿಂದ ನಟ್ ಗುಂಡಿ, ಮೂಲೆಗಳನ್ನು ಉಜ್ಜಿ, ಪ್ರೆಶರ್ ಗನ್ ಇದ್ದರೆ ತೊಳೆದು, ಆಮೇಲೆ ಮಷಿನ್‌ಗೆ ಬಿಡುತ್ತೇನೆ. ಕೈಗೆ ಗ್ಲೌಸ್ ಇರಲಿ.

ವಾಷ್‌ನವರು ಯಾವ ಕ್ಲೀನರ್ ಹೊಡೆಯುತ್ತಾರೆ ಅಂತ ಕೇಳಿಕೊಳ್ಳಿ, ಸಂಕೋಚ ಬೇಡ. ಕೆಲವು ಕಡೆ ಆಸಿಡ್ ಇರುವುದನ್ನು ಬಳಸುತ್ತಾರೆ. ಕೆಲಸ ಬೇಗ ಆಗುತ್ತದೆ ನಿಜ. ಆದರೆ ಕೋಟಿಂಗ್ ಇಲ್ಲದ ಪಾಲಿಶ್ ಅಲ್ಯೂಮಿನಿಯಂ ರಿಮ್ ಮೇಲೆ ಬಿದ್ದರೆ ಬಿಳಿ ಮಚ್ಚೆ ಏಳುತ್ತದೆ, ಬರೀ ತೊಳೆದರೆ ಹೋಗುವುದಿಲ್ಲ.

ಟನೆಲ್‌ನಲ್ಲಿ ಇನ್ನೊಂದು ತೊಂದರೆ ಇದೆ. ಚಕ್ರವನ್ನು ದಾರಿಗೆ ತರುವ ಕಬ್ಬಿಣದ ಪಟ್ಟಿಯು ತೆಳು ಟೈರು, ಅಗಲ ರಿಮ್ ಇರುವ ಕಾರುಗಳ ರಿಮ್‌ಗೆ ತಾಗಬಹುದು. ಒಂದು ಕಡೆ ನನ್ನ ಎಡಗಡೆ ಮುಂದಿನ ರಿಮ್ ಅಂಚು ಉದ್ದಕ್ಕೆ ಗೀಚಿಹೋಯಿತು. ಅಲ್ಲಿದ್ದವರು ಗೋಡೆ ಮೇಲಿನ ಬೋರ್ಡ್ ತೋರಿಸಿ ಕೈತೊಳೆದುಕೊಂಡರು. ಅಂಥ ಟೈರ್ ಇದ್ದವರು ಹೋಗುವ ಮುಂಚೆ ಪಟ್ಟಿಗೂ ರಿಮ್‌ಗೂ ಎಷ್ಟು ಅಂತರ ಇದೆ ಅಂತ ಬಗ್ಗಿ ನೋಡಿಕೊಳ್ಳಿ.

ದುಡ್ಡು ಹಾಕುವುದಾದರೆ ದುಬಾರಿ ವಾಷ್ ಪ್ಯಾಕೇಜ್‌ಗಿಂತ ರಿಮ್‌ಗೆ ಸೆರಾಮಿಕ್ ಕೋಟಿಂಗ್ ಹಾಕಿಸಿ. ನಾನು ಹಾಕಿಸಿದ ಮೇಲೆ ಪುಡಿ ಮೊದಲಿನಷ್ಟು ಗಟ್ಟಿಯಾಗಿ ಹಿಡಿಯುತ್ತಿಲ್ಲ, ಬರೀ ಮಷಿನ್ ಬ್ರಷ್‌ಗೂ ಸಾಕಷ್ಟು ಬಿಡುತ್ತದೆ. ಟೈರ್ ಪಾಲಿಶ್ ಬೇಡ ಅಂತಲೇ ಹೇಳುತ್ತೇನೆ, ಒಣಗುವ ಮುಂಚೆ ಹೊರಟರೆ ಎಣ್ಣೆ ಹನಿ ಬಾಗಿಲಿಗೆ ಸಿಡಿಯುತ್ತದೆ. ಹೊರಗೆ ಬಂದ ಕೂಡಲೇ ಬ್ರೇಕ್ ಒದ್ದೆ ಇರುತ್ತದೆ. ನಿಧಾನಕ್ಕೆ ಹೋಗುತ್ತಾ ಎರಡು ಮೂರು ಸಲ ಮೆಲ್ಲಗೆ ಒತ್ತಿ. ಮರುದಿನ ಡಿಸ್ಕ್ ಮೇಲೆ ಕಿತ್ತಳೆ ಬಣ್ಣದ ತೆಳು ತುಕ್ಕು ಕಂಡರೆ ಗಾಬರಿ ಬೇಡ, ಸ್ವಲ್ಪ ದೂರ ಓಡಿಸಿದರೆ ಪ್ಯಾಡೇ ಅದನ್ನು ಉಜ್ಜಿ ತೆಗೆಯುತ್ತದೆ.