ಎಂಡೊಮೆಟ್ರಿಯೋಸಿಸ್ ಚಿಕಿತ್ಸೆ: ಶಿವಮೊಗ್ಗದಲ್ಲಿ ಸಿಗುವುದೇನು, ಘಾಟಿ ಇಳಿಯಬೇಕಾದದ್ದು ಯಾವಾಗ

ತೀರ್ಥಹಳ್ಳಿ ಕಡೆಯವರಾದ ನಮಗೆ ಆಸ್ಪತ್ರೆಯೆಂದರೆ ಮೊದಲು ತಾಲ್ಲೂಕು ಕೇಂದ್ರ, ಅಲ್ಲಿ ಆಗದಿದ್ದರೆ ಶಿವಮೊಗ್ಗ, ಅಲ್ಲಿಯೂ ಆಗದಿದ್ದರೆ ಆಗುಂಬೆ ಘಾಟಿ ಇಳಿದು ಕರಾವಳಿ. ನನ್ನ ಪತ್ನಿಯ ಎಂಡೊಮೆಟ್ರಿಯೋಸಿಸ್‌ಗೆ ಚಿಕಿತ್ಸೆ ಹುಡುಕುತ್ತಾ ಈ ಮೂರೂ ಕಡೆಯ ಬಾಗಿಲು ತಟ್ಟಿದ್ದೇವೆ. ಈ ವಿಮರ್ಶೆ ಮುಖ್ಯವಾಗಿ ಶಿವಮೊಗ್ಗದ ಒಂದು ಖಾಸಗಿ ಸ್ತ್ರೀರೋಗ ಕ್ಲಿನಿಕ್ಕಿನ ಬಗ್ಗೆ. ಆಸ್ಪತ್ರೆಗಳ, ವೈದ್ಯರ ಹೆಸರು ಬರಬಾರದೆಂಬ ಷರತ್ತಿನ ಮೇಲೆಯೇ ನಾನು ಇದನ್ನು ಬರೆಯಲು ಆಕೆ ಒಪ್ಪಿರುವುದರಿಂದ, ಹೆಸರಿನ ಬದಲು ಒಳ್ಳೆಯ ಚಿಕಿತ್ಸೆಯನ್ನು ಗುರುತಿಸುವುದು ಹೇಗೆಂಬುದನ್ನು ಸಾಧ್ಯವಾದಷ್ಟು ವಿವರವಾಗಿ ಬರೆಯುತ್ತೇನೆ.

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಗರ್ಭಕೋಶದ ಹಿಂಬದಿಯಲ್ಲಿ, ಕೆಲವರಲ್ಲಿ ಕರುಳು ಹಾಗೂ ಮೂತ್ರಕೋಶದ ಮೇಲೆಯೂ ಬೆಳೆಯುವುದೇ ಈ ಕಾಯಿಲೆ. ಅದರಿಂದ ಉರಿಯೂತವಾಗುತ್ತದೆ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸಂತಾನೋತ್ಪತ್ತಿ ವಯಸ್ಸಿನ ಸ್ತ್ರೀಯರಲ್ಲಿ ಸುಮಾರು ಶೇ 10ರಷ್ಟು ಮಂದಿಗೆ, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಜನರಿಗೆ ಇದು ಇದೆ. ಇಷ್ಟು ಸಾಮಾನ್ಯವಾದ ಕಾಯಿಲೆಯ ಹೆಸರನ್ನು ನಮ್ಮ ಎರಡೂ ಮನೆಗಳಲ್ಲಿ ಯಾರೂ ಕೇಳಿರಲಿಲ್ಲ. ಮುಟ್ಟಿನ ನೋವೆಂದರೆ ಜೀರಿಗೆ ಕಷಾಯ, ಬಿಸಿನೀರಿನ ಬ್ಯಾಗ್, ಮೆಡಿಕಲ್ ಅಂಗಡಿಯಿಂದ ಚೀಟಿಯಿಲ್ಲದೆ ತರುವ ಮೆಫ್ಟಾಲ್ ಸ್ಪಾಸ್. ಅದಕ್ಕೂ ಬಗ್ಗದಿದ್ದರೆ ‘ಒಂದು ಮಗುವಾದರೆ ಎಲ್ಲ ಸರಿಹೋಗುತ್ತದೆ’ ಎಂಬ ಸಮಾಧಾನ. ಈ ಕೊನೆಯ ಮಾತನ್ನು ನೆಂಟರಷ್ಟೇ ಅಲ್ಲದೆ ಬಿಳಿ ಕೋಟು ಹಾಕಿದವರೂ ಹೇಳಿದ್ದಾರೆ. ಗರ್ಭಧಾರಣೆ ಈ ಕಾಯಿಲೆಗೆ ಮದ್ದಲ್ಲ; ಈ ಕಾಯಿಲೆಯೇ ಅನೇಕರಲ್ಲಿ ಗರ್ಭಧಾರಣೆಗೆ ತೊಡಕಾಗಿರುವಾಗ ಆ ಸಲಹೆ ಇನ್ನಷ್ಟು ಕ್ರೂರವಾಗಿ ಕೇಳಿಸುತ್ತದೆ.

ಮೊದಲ ಹಂತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಟ್ಟೆಯ ಮೇಲಿನಿಂದ ಮಾಡಿದ ಸಾಮಾನ್ಯ ಸ್ಕ್ಯಾನಿಂಗಿನಲ್ಲಿ ‘ನಾರ್ಮಲ್’ ಎಂದು ಬಂದ ಮೇಲೆ ನೋವಿನ ಮಾತ್ರೆ ಬರೆದುಕೊಟ್ಟು ಕಳುಹಿಸಿದರು. ಅಂಥ ಸ್ಕ್ಯಾನಿಂಗಿನಲ್ಲಿ ಏನೂ ಕಾಣಿಸದಿದ್ದ ಮಾತ್ರಕ್ಕೆ ಕಾಯಿಲೆಯೇ ಇಲ್ಲ ಎನ್ನುವಂತಿಲ್ಲ ಎಂಬ ಒಂದು ವಾಕ್ಯವನ್ನು ಅಂದು ಯಾರಾದರೂ ಹೇಳಿದ್ದರೆ ಸಾಕಿತ್ತು.

ಶಿವಮೊಗ್ಗದ ಕ್ಲಿನಿಕ್ಕಿನಲ್ಲಿ ವ್ಯತ್ಯಾಸ ಗೊತ್ತಾದದ್ದು ಪ್ರಶ್ನೆಗಳಿಂದ. ವೈದ್ಯೆ ಹಳೆಯ ರಿಪೋರ್ಟುಗಳ ಫೈಲನ್ನು ಪಕ್ಕಕ್ಕಿಟ್ಟು, ನೋವು ಮುಟ್ಟಿಗೆ ಎಷ್ಟು ಮೊದಲೇ ಶುರುವಾಗುತ್ತದೆ, ಆ ದಿನಗಳಲ್ಲಿ ಮಲ ಅಥವಾ ಮೂತ್ರ ವಿಸರ್ಜನೆಗೆ ನೋವಾಗುತ್ತದೆಯೇ, ಸೊಂಟದಿಂದ ತೊಡೆಗೆ ಇಳಿಯುತ್ತದೆಯೇ, ಕೆಲಸಕ್ಕೆ ಎಷ್ಟು ರಜೆಯಾಗುತ್ತದೆ ಎಂದು ಒಂದೊಂದಾಗಿ ಕೇಳುತ್ತಾ ಬರೆದುಕೊಂಡರು. ಆಕೆಯ ಬದಲು ನಾನು ಉತ್ತರಿಸಲು ಹೊರಟಾಗ, “ಅವರೇ ಹೇಳಲಿ ಸರ್, ನೀವು ಸ್ವಲ್ಪ ಹೊರಗೆ ಕೂತಿರಿ” ಎಂದರು. ಗಂಡನ ಎದುರು ಹೇಳಲು ಸಂಕೋಚವಾಗುವ, ದಾಂಪತ್ಯಕ್ಕೆ ಸಂಬಂಧಿಸಿದ ನೋವಿನ ಪ್ರಶ್ನೆಗಳನ್ನು ಆಮೇಲೆ ಕೇಳಿದರಂತೆ. ಈ ಕಾಯಿಲೆಯಲ್ಲಿ ಅದು ಕೇಳಲೇಬೇಕಾದ ಪ್ರಶ್ನೆ. ಅದನ್ನು ಕೇಳದ ವೈದ್ಯರು ಎಷ್ಟೇ ಹೆಸರುವಾಸಿಯಾಗಿದ್ದರೂ ನಾನು ಶಿಫಾರಸು ಮಾಡಲಾರೆ.

ಸ್ಕ್ಯಾನಿಂಗನ್ನು ಅವರೇ ಮಾಡಿದರು, ಯೋನಿಯ ಮೂಲಕ ಮಾಡುವ ವಿಧಾನದಲ್ಲಿ. ನನ್ನನ್ನು ಒಳಗೆ ಕರೆದು ಪರದೆಯಲ್ಲಿ ತೋರಿಸಿದ್ದು ಇಂದಿಗೂ ನೆನಪಿದೆ: ಎಡ ಅಂಡಾಶಯದಲ್ಲಿ ದುಂಡಗಿನ ಒಂದು ಚೀಲ, ಅದರೊಳಗೆ ಎಲ್ಲೆಡೆ ಒಂದೇ ಸಮನಾದ ಮಸುಕು ಬೂದುಬಣ್ಣ. ಹಳೆಯ ರಕ್ತ ಗಟ್ಟಿಯಾಗಿ ಕಂದುಬಣ್ಣಕ್ಕೆ ತಿರುಗಿ ತುಂಬಿಕೊಳ್ಳುವ ಇದನ್ನೇ ಚಾಕೊಲೇಟ್ ಸಿಸ್ಟ್ ಎನ್ನುತ್ತಾರೆ. ಅಷ್ಟಕ್ಕೇ ನಿಲ್ಲಿಸದೆ ಉಪಕರಣವನ್ನು ಮೆಲ್ಲಗೆ ಒತ್ತಿ, ಗರ್ಭಕೋಶವೂ ಅದರ ಹಿಂದಿನ ಮಲಾಶಯವೂ ಒಂದರ ಮೇಲೊಂದು ಸಲೀಸಾಗಿ ಜಾರುತ್ತವೆಯೇ ಎಂದು ನೋಡಿದರು. ಜಾರಲಿಲ್ಲ, ಎರಡೂ ಒಟ್ಟಿಗೇ ಅಲುಗಿದವು. ಅಂಟಿಕೊಂಡಿರುವ ಸೂಚನೆ ಅದು.

ಅಂಡಾಶಯದ ಕ್ಯಾನ್ಸರ್ ಪತ್ತೆಗೂ ಬಳಸುವ ಸಿಎ-125 ರಕ್ತಪರೀಕ್ಷೆ ಇಷ್ಟರಲ್ಲಿ ಬೇರೆಡೆ ಆಗಿತ್ತು, ಅಂಕಿ ಹೆಚ್ಚಿದೆಯೆಂದು ಮನೆಯಲ್ಲಿ ಕ್ಯಾನ್ಸರ್ ಭಯವೂ ಹುಟ್ಟಿತ್ತು. ಎಂಡೊಮೆಟ್ರಿಯೋಸಿಸ್‌ನಲ್ಲೂ ಅದು ಏರುತ್ತದೆ, ಅದೊಂದನ್ನೇ ನೋಡಿ ಯಾವುದನ್ನೂ ತೀರ್ಮಾನಿಸಲಾಗದು ಎಂದು ವೈದ್ಯೆ ಆ ಭಯವನ್ನು ಬಿಡಿಸಿದರು. ಹಿಂದೆ ಲ್ಯಾಪರೊಸ್ಕೋಪಿ (ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸುವ ವಿಧಾನ) ಮಾಡಿ ಕಣ್ಣಾರೆ ನೋಡಿದ ಮೇಲೆಯೇ ಕಾಯಿಲೆಯನ್ನು ಖಚಿತಪಡಿಸುತ್ತಿದ್ದರು; ಯುರೋಪಿನ ತಜ್ಞರ ಸಂಘವು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯ ನಂತರ, ಲಕ್ಷಣ ಹಾಗೂ ಸ್ಕ್ಯಾನಿಂಗ್ ಆಧಾರದಲ್ಲಿಯೇ ಔಷಧಿ ಆರಂಭಿಸುವುದು ಸರಿಯಾದ ಕ್ರಮವೆಂದು ಒಪ್ಪಿತವಾಗಿದೆ. ಮೊದಲ ಭೇಟಿಯಲ್ಲೇ ‘ನಾಳೆ ಬಂದು ಅಡ್ಮಿಟ್ ಆಗಿ’ ಎನ್ನುವ ಕಡೆ ಇನ್ನೊಬ್ಬರ ಅಭಿಪ್ರಾಯ ಪಡೆಯುವುದು ಲೇಸು.

ಮಾತ್ರೆಯೆಂದರೆ ದಿನಕ್ಕೆ 2 ಮಿಲಿಗ್ರಾಂ ಡೈನೋಜೆಸ್ಟ್ ಎಂಬ ಹಾರ್ಮೋನ್ ಔಷಧಿ, ಮಧ್ಯೆ ಬಿಡುವಿಲ್ಲದೆ. ಮೊದಲ ತಿಂಗಳುಗಳಲ್ಲಿ ಹೊತ್ತಿಲ್ಲದ ಹೊತ್ತಿನಲ್ಲಿ ರಕ್ತಸ್ರಾವವಾಗಬಹುದು, ಮನಸ್ಸು ಕುಗ್ಗಬಹುದು, ಹಾಗಾದರೆ ಹೇಳಬೇಕು ಎಂದು ಮೊದಲೇ ಎಚ್ಚರಿಸಿದ್ದರಿಂದ ಆಕೆ ಗಾಬರಿಯಾಗಿ ನಡುವೆ ಬಿಡಲಿಲ್ಲ. ಈ ಮಾತ್ರೆ ಕಾಯಿಲೆಯನ್ನು ಹತ್ತಿಕ್ಕುತ್ತದೆಯೇ ಹೊರತು ಗುಣಪಡಿಸುವುದಿಲ್ಲ, ಸೇವಿಸುತ್ತಿರುವಾಗ ಅಂಡೋತ್ಪತ್ತಿ ನಿಲ್ಲುವುದರಿಂದ ಮಗುವಿಗಾಗಿ ಪ್ರಯತ್ನಿಸುತ್ತಿರುವವರಿಗೆ ಹೊಂದುವುದಿಲ್ಲ ಎಂಬುದನ್ನೂ ತಿಳಿಸಿ, ಮಕ್ಕಳ ವಿಚಾರದಲ್ಲಿ ಏನು ಯೋಚನೆಯೆಂದು ಆಕೆಯನ್ನು ಕೇಳಿದ ನಂತರವೇ ಚೀಟಿ ಬರೆದರು. ಆದರೆ ಆ ಕ್ಲಿನಿಕ್ಕಿನ ಔಷಧಿ ಅಂಗಡಿಯಲ್ಲಿ ದುಬಾರಿ ಬ್ರ್ಯಾಂಡ್ ಮಾತ್ರ ಇಟ್ಟಿದ್ದಾರೆ. ಅದೇ ಔಷಧಿ ಬೇರೆ ಕಂಪನಿಯದು ಹೊರಗೆ ಗಣನೀಯವಾಗಿ ಅಗ್ಗಕ್ಕೆ ಸಿಗುತ್ತದೆ. ತಿಂಗಳುಗಟ್ಟಲೆ ತೆಗೆದುಕೊಳ್ಳುವ ಮಾತ್ರೆಯಾದ್ದರಿಂದ ವೈದ್ಯರನ್ನು ಕೇಳಿ ಬದಲಾಯಿಸಿಕೊಳ್ಳಬಹುದು. ಟೋಕನ್ ವ್ಯವಸ್ಥೆಯೂ ಹೆಸರಿಗೆ ಮಾತ್ರ. ಹೆರಿಗೆ ಬಂದರೆ ಇಡೀ ಬೆಳಗಿನ ಸರದಿ ಮಧ್ಯಾಹ್ನಕ್ಕೆ ಹೋಗುತ್ತದೆ, ಬೆನ್ನಿಗೆ ಆಸರೆಯಿಲ್ಲದ ಬೆಂಚಿನ ಮೇಲೆ ನೋವಿರುವವರು ಕಾಯಬೇಕು.

ಇಷ್ಟಾಗಿಯೂ ನಾನು ಈ ಕ್ಲಿನಿಕ್ಕಿಗೆ ಪೂರ್ಣ ಅಂಕ ಕೊಡುವುದು ಅವರು ಮಾಡದ ಕೆಲಸಕ್ಕಾಗಿ. ಮಾತ್ರೆಯಿಂದ ನೋವು ಅರ್ಧವಷ್ಟೇ ಇಳಿದು, ನಗರದಲ್ಲೇ ತೆಗೆಸಿದ ಎಂಆರ್‌ಐನಲ್ಲಿ ಕರುಳಿನ ಗೋಡೆಯವರೆಗೂ ಕಾಯಿಲೆ ತಲುಪಿರುವುದು ಕಂಡಾಗ, “ಸಿಸ್ಟ್ ಮಾತ್ರ ಆಗಿದ್ದರೆ ನಾನೇ ಮಾಡುತ್ತಿದ್ದೆ, ಇದಕ್ಕೆ ಕರುಳಿನ ಸರ್ಜನ್ ಪಕ್ಕದಲ್ಲಿರಬೇಕು” ಎಂದು ಹೇಳಿ, ಕರಾವಳಿಯ ಆಸ್ಪತ್ರೆಯೊಂದಕ್ಕೆ ಎರಡು ಪುಟಗಳ ಪತ್ರ ಬರೆದುಕೊಟ್ಟರು. ಅರೆಬರೆ ಶಸ್ತ್ರಚಿಕಿತ್ಸೆಯಾಗಿ ಮತ್ತೆ ಹೊಟ್ಟೆ ತೆರೆಸಿಕೊಂಡವರನ್ನು ಅಲ್ಲಿನ ವಾರ್ಡಿನಲ್ಲಿ ಕಂಡ ಮೇಲೆ ಆ ಪತ್ರದ ಬೆಲೆ ತಿಳಿಯಿತು.

ಕರಾವಳಿಯಲ್ಲಿ ಕೇಳಿ ತಿಳಿದ ಮೂರು ಸಂಗತಿಗಳು ಯಾರಿಗಾದರೂ ಉಪಯೋಗಕ್ಕೆ ಬರಬಹುದು. ಕಾಯಿಲೆಯ ಜಾಗವನ್ನು ಮೇಲೆ ಸುಡುವುದಕ್ಕಿಂತ, ಆಳಕ್ಕೆ ಇಳಿದದ್ದನ್ನು ಕತ್ತರಿಸಿ ತೆಗೆಯುವುದೇ ಸೂಕ್ತ. ಅಂಡಾಶಯದ ಸಿಸ್ಟ್ ತೆಗೆಯುವಾಗ ಅಂಡಗಳ ಸಂಗ್ರಹವೂ ಕುಗ್ಗಬಹುದಾದ್ದರಿಂದ, ಮಕ್ಕಳು ಬೇಕೆನ್ನುವವರು ಮೊದಲೇ ಆ ಸಂಗ್ರಹವನ್ನು ಅಂದಾಜಿಸುವ ಎಎಂಎಚ್ ರಕ್ತಪರೀಕ್ಷೆ ಮಾಡಿಸಿ ಮಾತನಾಡಬೇಕು. ಗರ್ಭಕೋಶವನ್ನೇ ತೆಗೆಸಿಬಿಟ್ಟರೆ ಮುಗಿಯಿತೆಂಬ ಮಾತು ನಮ್ಮ ಕಡೆ ಬಹಳ ಸಲೀಸಾಗಿ ಬರುತ್ತದೆ. ಗರ್ಭಕೋಶದ ಹೊರಗಿರುವ ಕಾಯಿಲೆಯನ್ನು ಹಾಗೆಯೇ ಬಿಟ್ಟರೆ ನೋವು ಮುಂದುವರಿಯಬಹುದು. ಶಸ್ತ್ರಚಿಕಿತ್ಸೆ ಮುಗಿಸಿ ಹಿಂತಿರುಗುವಾಗ ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಸೀಟ್ ಬೆಲ್ಟಿಗೂ ಹೊಟ್ಟೆಗೂ ನಡುವೆ ಸಣ್ಣ ದಿಂಬು ಇಟ್ಟುಕೊಳ್ಳಿ ಎಂದು ನರ್ಸ್ ಒಬ್ಬರು ಹೇಳಿದ್ದು, ಡಿಸ್ಚಾರ್ಜ್ ಸಾರಾಂಶದಲ್ಲಿ ಇಲ್ಲದ ಅತ್ಯುತ್ತಮ ಸಲಹೆ.

ಹಣದ ವಿಚಾರದಲ್ಲಿ ಮೊದಲೇ ಕೂತು ಲೆಕ್ಕ ಹಾಕಿಕೊಳ್ಳಬೇಕು. ಹಲವು ಆರೋಗ್ಯ ವಿಮೆಗಳಲ್ಲಿ ಎಂಡೊಮೆಟ್ರಿಯೋಸಿಸ್ ಕಾಯುವ ಅವಧಿಯ ಪಟ್ಟಿಯಲ್ಲಿರುತ್ತದೆ. ಪಾಲಿಸಿ ಹೊಸದಾದರೆ ಕ್ಲೇಮ್ ಸಿಗದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಂತೆ 1.5 ಲಕ್ಷದವರೆಗೆ ನೆರವಿದೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುವುದರಿಂದ, ಶಿವಮೊಗ್ಗದವರು ಮೆಗ್ಗಾನ್ ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡೇ ಮುಂದಿನ ಹೆಜ್ಜೆ ಇಡುವುದು ಒಳ್ಳೆಯದು.

ಆಸ್ಪತ್ರೆಯಿಂದಾಚೆಗೆ ಆಸರೆ ತೀರಾ ಕಡಿಮೆ. ಇಂಥ ನೋವಿನಲ್ಲಿ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಬಿಗಿದುಕೊಂಡು ತಾವೇ ನೋವಿನ ಮೂಲವಾಗುತ್ತವೆ. ಅದಕ್ಕೆ ಕರಾವಳಿಯ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಕಲಿಸಿದರು; ಶಿವಮೊಗ್ಗದ ಕ್ಲಿನಿಕ್ಕಿನಲ್ಲಿ ಆ ಸೌಲಭ್ಯವೂ ಇಲ್ಲ, ಆಪ್ತ ಸಲಹೆಯೂ ಇಲ್ಲ. ನನ್ನ ಪತ್ನಿ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ತಿಂಗಳಿಗೆ ಒಂದು ದಿನದಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿದ್ದು ಸ್ವಾಗತಾರ್ಹವೇ ಆದರೂ, ಮೂರು ದಿನ ಏಳಲಾಗದವರಿಗೆ ಅದು ಸಾಲದು. ಸುಗ್ಗಿಯ ತಿಂಗಳಲ್ಲಿ ಮಂಡಿಯ ಯಜಮಾನರ ಎದುರು ಕಾರಣ ಹೇಳುವುದಂತೂ ಬೇರೆಯೇ ಮಾತು. ಆಗ ಶಿವಮೊಗ್ಗದ ವೈದ್ಯೆ, ಕಾಯಿಲೆಯ ಹೆಸರು ನಮೂದಿಸದೆ ‘ಚಿಕಿತ್ಸೆಯಲ್ಲಿದ್ದಾರೆ’ ಎಂದಷ್ಟೇ ಬರೆದ ಪ್ರಮಾಣಪತ್ರ ಕೊಟ್ಟರು, ಕೇಳದೆಯೇ.

ಶಸ್ತ್ರಚಿಕಿತ್ಸೆಯ ನಂತರದ ತಪಾಸಣೆಗಳನ್ನು ಮತ್ತೆ ಇದೇ ಕ್ಲಿನಿಕ್ಕಿನಲ್ಲಿ ಮಾಡಿಸುತ್ತಿದ್ದೇವೆ. ನೋವು ಪೂರ್ತಿ ಹೋಗಿಲ್ಲ. ಆದರೆ ಈಗ ತಿಂಗಳ ಆ ದಿನಗಳಲ್ಲಿ ಆಕೆ ಸಾಮಾನ್ಯವಾಗಿ ಮಂಡಿಗೆ ಹೋಗಿ ಬರುತ್ತಾಳೆ. ಹೋಗುವವರು ಬೆಳಗಿನ ಮೊದಲ ಟೋಕನ್ ಪಡೆಯಲು ಪ್ರಯತ್ನಿಸಿ, ನೋವು ಬಂದ ದಿನ, ಅದರ ತೀವ್ರತೆ, ನುಂಗಿದ ಮಾತ್ರೆಗಳನ್ನು ಎರಡು ಮೂರು ತಿಂಗಳ ಮಟ್ಟಿಗೆ ಡೈರಿಯಲ್ಲಿ ಬರೆದು ಒಯ್ಯಿರಿ. ಎಂಆರ್‌ಐ ಮಾಡಿಸಿದ್ದರೆ ರಿಪೋರ್ಟಿನ ಜೊತೆ ಸಿಡಿಯನ್ನೂ ಕೇಳಿ ಪಡೆಯಿರಿ, ಏಕೆಂದರೆ ಘಾಟಿ ಇಳಿದ ಮೇಲೆ ಸರ್ಜನ್ನರು ಚಿತ್ರಗಳನ್ನು ತಾವೇ ನೋಡಬೇಕೆನ್ನುತ್ತಾರೆ.